ಆಂಗ್ಲದೇಶದಲ್ಲಿ ಗೃಹಿಣಿಯ ವಿದ್ಯಾಭ್ಯಾಸ

(ಶ್ರೀಮಠದ ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಪಂಡಿತರೂ ಶಾಸ್ತ್ರಜ್ಞರೂ ಕುಳಿತಿರುವ ಈ ಸಭೆಯಲ್ಲಿ ಮಾತನಾಡಲು ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ಅಪ್ಪಣೆಯಾದುದರಿಂದ ನಿಂತಿರುವೆನು. ನಾನು ಹರಪನಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಕೊಟ್ಟೂರಿನ ಸೊಸೆಯಾಗಿ ಬಂದು, ಯಜಮಾನರ ಉದ್ಯೋಗದ ನಿಮಿತ್ತವಾಗಿ ಇಂಗ್ಲೆಂಡಿಗೆ ಹೋದವಳು. ಅಲ್ಲಿ ಮನೆವಾರ್ತೆಯನ್ನು ನೋಡಿಕೊಳ್ಳುತ್ತಲೇ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾದೆನು. ಆ ದಿನಗಳ ವೃತ್ತಾಂತವನ್ನು ಹೇಳಬೇಕೆಂಬುದೇ ನನಗಾಗಿರುವ ಆಜ್ಞೆ. ಹೇಳಿ ಮುಗಿಸಿದ ಮೇಲೆ ಶ್ರೀಮಠದ ಮುಂದೆ ಒಂದು ಬಿನ್ನಹವನ್ನೂ ಇಡುವೆನು. ಅದರ ಸಲುವಾಗಿಯೇ ನಾನು ಇಷ್ಟು ದೂರ ಬಂದೆನೆಂದು ತಿಳಿದರೂ ತಪ್ಪಿಲ್ಲ.

ಮೊದಲು ಒಂದು ಹಳೆಯ ಸಂಗತಿ. ನನ್ನ ಅಣ್ಣನು ಇದೇ ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನು. ಪ್ರತಿವರ್ಷ ಸುಗ್ಗಿಯಾದೊಡನೆ ನಮ್ಮ ತಂದೆಯವರು ಎರಡು ಚೀಲ ಜೋಳವನ್ನು ಮಠಕ್ಕೆ ಕಳುಹಿಸುತ್ತಿದ್ದರು. ಆ ಜೋಳವನ್ನು ಕೇರಿ ಹಸನು ಮಾಡಿ ಚೀಲಕ್ಕೆ ತುಂಬಿದವಳು ನಾನು. ಕಾಲೇಜಿನ ಮೊದಲನೆಯ ವರ್ಷಕ್ಕೇ ನನ್ನ ಓದು ನಿಂತಿತು. ಅಣ್ಣನ ಓದು ಸಾಗಿತು. ಇದನ್ನು ದೂರೆಂದು ಹೇಳುತ್ತಿಲ್ಲ. ಅಂದಿನ ಕಾಲವೇ ಹಾಗಿದ್ದಿತು, ಯಾರಿಗೂ ಅದು ಕೊರತೆಯೆಂದು ತೋರಲಿಲ್ಲ. ನನಗೂ ತೋರಲಿಲ್ಲವೆಂದು ಬಹುಕಾಲ ನಂಬಿದ್ದೆನು.

ಮನೆಯ ಭಾರವನ್ನು ಹೊತ್ತುಕೊಂಡೇ ಕಡಲು ದಾಟಿ ಓದಿದ ಹೆಂಗಸು ನಾನು ಮೊದಲಿನವಳಲ್ಲ. ಪಂಡಿತಾ ರಮಾಬಾಯಿಯವರು 1858ರಲ್ಲಿ ನಮ್ಮ ಕನ್ನಡನಾಡಿನ ಪಡುವಣ ಘಟ್ಟದ ಕಾಡಿನಲ್ಲಿ ಹುಟ್ಟಿದವರು. ತಂದೆ ತಾಯಿಗಳನ್ನೂ ಅಣ್ಣನನ್ನೂ ಗಂಡನನ್ನೂ ಕಳೆದುಕೊಂಡು, 1883ರಲ್ಲಿ ಚಿಕ್ಕ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ವೈದ್ಯಶಾಸ್ತ್ರವನ್ನು ಕಲಿಯಬೇಕೆಂಬುದು ಅವರ ಆಸೆ. ಕಿವಿ ಮಂದವಾಗಿದ್ದುದರಿಂದ ಅದು ಕೈಗೂಡಲಿಲ್ಲ. ಆಗ ಅವರು ಚೆಲ್ಟನ್‌ಹ್ಯಾಮ್ ಊರಿನ ಮಹಿಳಾ ಕಾಲೇಜಿನಲ್ಲಿ ತಾವು ಕಲಿಯುತ್ತ, ಇತರರಿಗೆ ಸಂಸ್ಕೃತವನ್ನು ಕಲಿಸುತ್ತ, ಮಗಳನ್ನು ಸಾಕುತ್ತ ಕಾಲ ಕಳೆದರು. ಅವರು ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಆ ವಿಷಯದಲ್ಲಿ ನಮ್ಮ ಅಭಿಪ್ರಾಯ ಏನೇ ಇರಲಿ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಓದಲು ಹೊರಟ ಆ ತಾಯಿಯ ಧೈರ್ಯಕ್ಕೆ ಕೈಮುಗಿಯಲೇಬೇಕು.

ಆಂಗ್ಲರ ದೇಶದಲ್ಲಿ ಹೆಂಗಸರ ವಿದ್ಯೆಯು ಹಿಂದಿನಿಂದಲೂ ಸುಲಭವಾಗಿದ್ದಿತೆಂದು ನಾವು ತಿಳಿಯಬಾರದು. ಲಂಡನ್ ವಿಶ್ವವಿದ್ಯಾಲಯವು ಹೆಂಗಸರಿಗೆ ಪದವಿಯ ಬಾಗಿಲನ್ನು ತೆರೆದುದು 1878ರಲ್ಲಿ. ಆಕ್ಸ್‌ಫರ್ಡ್ ಪದವಿಯನ್ನು ಕೊಟ್ಟುದು 1920ರಲ್ಲಿ. ಕೇಂಬ್ರಿಜ್ಜಿನವರು ಸಂಪೂರ್ಣವಾಗಿ ಒಪ್ಪಿದುದು 1948ರಲ್ಲಿ. ನಮ್ಮಲ್ಲಿಯಾದರೋ ಹನ್ನೆರಡನೆಯ ಶತಮಾನದಲ್ಲಿಯೇ ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನಗಳನ್ನು ರಚಿಸಿದರು. ಅವರಲ್ಲಿ ನೂಲುವ ಕದಿರೆ ರೆಮ್ಮವ್ವೆಯಿದ್ದಳು, ಅಕ್ಕಿಯನ್ನು ಆಯುವ ಕಾಯಕದ ಲಕ್ಕಮ್ಮನಿದ್ದಳು, ಅರಸೊತ್ತಿಗೆಯನ್ನು ಬಿಟ್ಟು ಸೌದೆ ಮಾರುವ ಗಂಡನೊಡನೆ ಬಾಳಿದ ಮೋಳಿಗೆಯ ಮಹಾದೇವಿಯಿದ್ದಳು. ಇವರು ಒಲೆಯನ್ನೂ ರಾಟೆಯನ್ನೂ ಬಿಟ್ಟು ಜ್ಞಾನಿಗಳಾದವರಲ್ಲ. ಈ ಮಾತನ್ನು ಪ್ರತಿಯೊಂದು ಸಭೆಯಲ್ಲಿಯೂ ಹೇಳಿ ನಾವು ಹೆಮ್ಮೆಪಡುವೆವು. ಆದರೆ ಅಷ್ಟು ಮುಂಚೆ ಬಾಗಿಲು ತೆರೆದವರ ಮಕ್ಕಳಾದ ನಾವು, ಅದು ಮತ್ತೆ ಮುಚ್ಚಿಕೊಂಡುದನ್ನು ನೋಡುತ್ತ ಎಷ್ಟು ತಲೆಮಾರು ಸುಮ್ಮನಿದ್ದೆವೆಂಬುದನ್ನೂ ಹೇಳಿದರೆ ಹೆಮ್ಮೆಯು ಪೂರ್ಣವಾದೀತು.

ಇನ್ನು ನನ್ನ ಓದಿನ ವಿಚಾರ. ಇಪ್ಪತ್ತೊಂದು ವರ್ಷ ತುಂಬಿದ ಬಳಿಕ ಮೊದಲ ಪದವಿಗೆ ಸೇರಿದವರನ್ನು ಆ ದೇಶದಲ್ಲಿ ವಯಸ್ಕ ವಿದ್ಯಾರ್ಥಿಗಳೆಂದು ಕರೆಯುವರು. ಅಂಥವರಿಗೆಂದೇ ಬೆಳೆದ ಸಂಸ್ಥೆಗಳು ಅಲ್ಲಿವೆ. ಲಂಡನ್ನಿನ ಬರ್ಕ್‌ಬೆಕ್ ಎಂಬ ಕಾಲೇಜು 1823ರಲ್ಲಿ ಕೈಕಸುಬಿನವರ ವಿದ್ಯಾಶಾಲೆಯಾಗಿ ಹುಟ್ಟಿತು. ಹಗಲು ದುಡಿಯುವವರಿಗೆ ಸಂಜೆ ಪಾಠ ಹೇಳುವುದು ಅದರ ಪದ್ಧತಿ. ಮುಕ್ತ ವಿಶ್ವವಿದ್ಯಾಲಯವೆಂಬುದು 1969ರಲ್ಲಿ ರಾಜಶಾಸನದಿಂದ ಸ್ಥಾಪಿತವಾಗಿ, 1971ರಲ್ಲಿ ಪಾಠವನ್ನು ಆರಂಭಿಸಿತು. ಅದಕ್ಕಾಗಿ ಬಹಳವಾಗಿ ಹೆಣಗಿದ ಮಂತ್ರಿ ಜೆನ್ನಿ ಲೀ ಎಂಬ ಮಹಿಳೆಯು ಸ್ಕಾಟ್ಲೆಂಡಿನ ಕಲ್ಲಿದ್ದಲ ಗಣಿಯಾಳಿನ ಮಗಳು. ಹಿಂದಿನ ಪರೀಕ್ಷೆಗಳನ್ನು ಪಾಸು ಮಾಡಿರಲೇಬೇಕೆಂಬ ಕಟ್ಟಳೆ ಅಲ್ಲಿಲ್ಲ. ಪುಸ್ತಕಗಳು ಮನೆಗೇ ಬರುವುವು. ಉಪಾಧ್ಯಾಯರು ದೂರದಿಂದಲೇ ತಿದ್ದುವರು. 2012ರ ಅಕ್ಟೋಬರಿನಲ್ಲಿ ನಾನು ಅದಕ್ಕೆ ಸೇರಿದೆನು. ಆರೋಗ್ಯ ಮತ್ತು ಸಮಾಜಸೇವೆ ನಾನು ಆರಿಸಿಕೊಂಡ ವಿಷಯ.

ಲೆಕ್ಕವನ್ನು ಹೇಳಿದರೆ ಸೋದರಿಯರಿಗೆ ಚೆನ್ನಾಗಿ ತಿಳಿಯುವುದು. ಪದವಿಗೆ 360 ಅಂಕಮಾನಗಳು. ಒಂದೊಂದಕ್ಕೆ ಸುಮಾರು ಹತ್ತು ಗಂಟೆಯ ಓದು. ಒಟ್ಟು 3,600 ಗಂಟೆಗಳಾದುವು. ವರ್ಷಕ್ಕೆ 60ರಂತೆ ಆರು ವರ್ಷಗಳಿಗೆ ಹಂಚಿದರೆ, ಪಾಠ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ ಹದಿನಾರು ಹದಿನೇಳು ಗಂಟೆ ಬೇಕು. ಎರಡು ಮಕ್ಕಳ ತಾಯಿಗೆ, ಆಳುಕಾಳಿಲ್ಲದ ಮನೆಯಲ್ಲಿ, ಈ ಹದಿನಾರು ಗಂಟೆಗಳು ಎಲ್ಲಿಂದ ಬರಬೇಕು?

ಬೆಳಗಿನ ಐದಕ್ಕೆ ಏಳುತ್ತಿದ್ದೆನು. ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆಯನ್ನು ಮುಗಿಸಿ, ಅಡಿಗೆಮನೆಯ ಮೇಜಿನ ಮೇಲೆ ಒಂದೂವರೆ ಗಂಟೆ ಓದುತ್ತಿದ್ದೆನು. ಡಿಸೆಂಬರ್ ತಿಂಗಳಿನಲ್ಲಿ ಅಲ್ಲಿ ಸೂರ್ಯನು ಮೂಡುವುದು ಎಂಟರ ಸುಮಾರಿಗೆ, ಮುಳುಗುವುದು ನಾಲ್ಕಕ್ಕೆ ಮುಂಚೆ. ಆದುದರಿಂದ ಓದೆಲ್ಲ ಕತ್ತಲೆಯಲ್ಲಿಯೇ. ಆಮೇಲೆ ಬುತ್ತಿ ಕಟ್ಟುವುದು, ಮಕ್ಕಳನ್ನು ಶಾಲೆಯ ಬಾಗಿಲವರೆಗೆ ನಡೆಯಿಸಿಕೊಂಡು ಹೋಗುವುದು, ಬಟ್ಟೆ, ಪಾತ್ರೆ, ಕಸವನ್ನು ಬೇರೆ ಬೇರೆ ಡಬ್ಬಿಗಳಿಗೆ ವಿಂಗಡಿಸಿ ಗೊತ್ತಾದ ದಿನ ಹೊರಗಿಡುವುದು. ಜೋಳದ ಹಿಟ್ಟು ಗುಜರಾತಿಗಳ ಅಂಗಡಿಯಲ್ಲಿ ದೊರೆಯುವುದು. ಆದರೆ ಅಲ್ಲಿಯ ಮನೆಗಳಲ್ಲಿ ಹೊಗೆ ಕಂಡೊಡನೆ ಕೂಗಿಕೊಳ್ಳುವ ಯಂತ್ರವೊಂದನ್ನು ಮಾಳಿಗೆಗೆ ತಗುಲಿಸಿರುವರು. ನಾನು ರೊಟ್ಟಿ ಬೇಯಿಸಿದಾಗಲೆಲ್ಲ ಅದು ಬೊಬ್ಬೆಯಿಡುವುದು. ಮಗನು ಟವಲನ್ನು ಹಿಡಿದು ಅದರ ಕೆಳಗೆ ನಿಂತು ಬೀಸುವನು. ಹೀಗೆ ನಮ್ಮ ಮನೆಯಲ್ಲಿ ರೊಟ್ಟಿಯ ಸುದ್ದಿ ನೆರೆಹೊರೆಗೆಲ್ಲ ತಿಳಿಯುತ್ತಿದ್ದಿತು.

ಯಜಮಾನರು ಮೊದಮೊದಲು ನನ್ನ ಓದನ್ನು ವಿನೋದವೆಂದು ಎಣಿಸಿದ್ದರು. ಎರಡನೆಯ ವರ್ಷ ನಾನು ಒಂದು ಪ್ರಬಂಧವನ್ನು ಮುಗಿಸಲಾರದೆ ಒಲೆಯ ಮುಂದೆ ಕಣ್ಣೀರು ಹಾಕಿದ ರಾತ್ರಿ, ಅವರು ಏನೂ ಮಾತನಾಡದೆ ತೋಳನ್ನು ಮಡಿಸಿ ಪಾತ್ರೆಗಳನ್ನು ತೊಳೆದಿಟ್ಟರು. ಅಂದಿನಿಂದ ರಾತ್ರಿಯ ಪಾತ್ರೆ ಅವರದಾಯಿತು. ಈ ಮಾತಿಗೆ ಇಲ್ಲಿ ಕುಳಿತ ಗಂಡಸರು ನಗುತ್ತಿರುವಿರಿ. ಆದರೆ ಆ ದೇಶದಲ್ಲಿ ವೈದ್ಯನೂ ನ್ಯಾಯವಾದಿಯೂ ತಮ್ಮ ಎಂಜಲು ತಟ್ಟೆಯನ್ನು ತಾವೇ ತೊಳೆಯುವುದನ್ನು ನಾನು ಕಣ್ಣಾರೆ ಕಂಡಿರುವೆನು. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಶರಣರ ಬೋಧೆಯನ್ನು ನಾವು ಬಾಯಿಪಾಠ ಮಾಡಿರುವೆವು.

ಪ್ರಬಂಧ ಬರೆಯುವ ಕ್ರಮವೇ ನನಗೆ ಎಲ್ಲಕ್ಕಿಂತಲೂ ಕಠಿಣವಾಗಿದ್ದಿತು. ನಮ್ಮ ಶಾಲೆಗಳಲ್ಲಿ ಪುಸ್ತಕದ ಮಾತನ್ನು ಹಾಗೆಯೇ ಒಪ್ಪಿಸಿದರೆ ಶಹಬಾಸ್ ಎನ್ನುತ್ತಿದ್ದರು. ಅಲ್ಲಿ ಒಬ್ಬರ ವಿಚಾರವನ್ನು ಬರೆದರೆ ಅದು ಇಂಥವರದೆಂದು ಹೆಸರು ಹೇಳಲೇಬೇಕು. ಹೇಳದಿದ್ದರೆ ಕಳವಿನ ಅಪವಾದ ಬರುವುದು. ಮೊದಲು ಇದು ಕಿರುಕುಳವೆಂದು ತೋರಿತು. ಬಳಿಕ ವಿಚಾರ ಮಾಡಿದೆನು. ನಮ್ಮ ಶರಣರು ತಮ್ಮ ವಚನದ ಕೊನೆಗೆ ತಮ್ಮ ಹೆಸರನ್ನಿಡದೆ ತಮ್ಮ ದೇವನ ಹೆಸರನ್ನು ಅಂಕಿತವಾಗಿಟ್ಟರು. ಇದು ನನ್ನೊಬ್ಬನ ಗಳಿಕೆಯಲ್ಲ, ಬಂದ ಮೂಲವನ್ನು ನೆನೆಯುತ್ತೇನೆ ಎಂಬುದೇ ಅದರ ಭಾವವಲ್ಲವೆ? ಹೀಗೆ ತಿಳಿದ ಮೇಲೆ ಆ ಕಟ್ಟಳೆ ನನಗೆ ಹೊರೆಯಾಗಲಿಲ್ಲ.

ಓದಿನ ಜೊತೆಯಲ್ಲಿಯೇ ವಾರದಲ್ಲಿ ಎರಡು ದಿನ ಮುದುಕರ ಆರೈಕೆಯ ಮನೆಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದೆನು. ಮೊದಲ ದಿನವೇ ಒಂದು ಧರ್ಮಸಂಕಟವು ಬಂದಿತು. ರೋಗಿಗಳನ್ನೂ ವೃದ್ಧರನ್ನೂ ಮುಟ್ಟಿ ಉಪಚರಿಸುವವರು ಮೊಣಕೈಯ ಕೆಳಗೆ ಬಳೆ ಮೊದಲಾದುವನ್ನು ಧರಿಸಕೂಡದು. ಬಳೆಗಳ ಸಂದಿಯಲ್ಲಿ ರೋಗಾಣುಗಳು ನಿಲ್ಲುವುವು, ಕೈಯನ್ನು ಚೆನ್ನಾಗಿ ತೊಳೆಯಲಾಗದು ಎಂಬುದು ಕಾರಣ. ಕಾರಣವು ಯುಕ್ತವಾದುದೇ. ಆದರೆ ಮುತ್ತೈದೆಯು ಬಳೆ ತೆಗೆಯುವುದೆಂದರೆ ಏನೆಂಬುದನ್ನು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಆ ರಾತ್ರಿ ಅಳುಕುತ್ತ ಕೊಟ್ಟೂರಿಗೆ ಫೋನು ಮಾಡಿ ನಮ್ಮ ಅತ್ತೆಯವರನ್ನು ಕೇಳಿದೆನು. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. “ರೊಟ್ಟಿ ಬಡಿಯುವಾಗ ಬಳಿ ಮ್ಯಾಲಕ್ಕೆ ಸರ್ಸಲ್ಲೇನವ್ವಾ? ಇದೂ ಹಂಗೆ. ಕೆಲಸಕ್ಕೆ ತೆಗಿ, ಮನೀಗೆ ಬಂದು ಹಾಕ್ಕೋ” ಎಂದರು. ನಾನು ಓದಿದ ಯಾವ ಗ್ರಂಥದಲ್ಲಿಯೂ ಇಷ್ಟು ಚಿಕ್ಕದಾಗಿ ಧರ್ಮನಿರ್ಣಯವಾದುದನ್ನು ಕಂಡಿಲ್ಲ.

ಆ ಆರೈಕೆಯ ಮನೆಯಲ್ಲಿ ತೊಂಬತ್ತು ದಾಟಿದ ಒಬ್ಬ ವೃದ್ಧೆಯ ಪಾದಗಳನ್ನು ತೊಳೆದು ಒರಸುವುದು ನನ್ನ ಕೆಲಸ. ಒಂದು ದಿನ ಆಕೆ ನನ್ನ ಕೊರಳ ಶಿವದಾರವನ್ನು ಕಂಡು ಇದೇನೆಂದು ಕೇಳಿದಳು. ನನ್ನ ದೇವರು, ಯಾವಾಗಲೂ ನನ್ನೊಡನೆ ಇರುವನು ಎಂದೆನು. “ಹಾಗಾದರೆ ನೀನು ಒಂಟಿಯಲ್ಲ” ಎಂದು ಆಕೆ ಹೇಳಿದಳು. ಆಕೆಗೆ ಮೂವರು ಮಕ್ಕಳಿದ್ದರು, ಹಬ್ಬಕ್ಕೊಮ್ಮೆ ಬರುತ್ತಿದ್ದರು. ಆ ದೇಶದಲ್ಲಿ ಎಲ್ಲವೂ ಚೆನ್ನೆಂದು ನಾನು ಹೇಳಲಾರೆನು. ಬೆಚ್ಚಗಿನ ಕೋಣೆ, ಹೊತ್ತಿಗೆ ಸರಿಯಾಗಿ ಔಷಧ, ಶುಭ್ರವಾದ ಹಾಸಿಗೆ, ಎಲ್ಲವೂ ಇದ್ದು ಮಾತನಾಡಿಸುವವರಿಲ್ಲದ ಮುದುಕರನ್ನು ನಾನು ಅನೇಕರನ್ನು ಕಂಡೆನು. ಆದರೆ ಅವರನ್ನು ಟೀಕಿಸುವ ಅಧಿಕಾರ ನನಗೆಲ್ಲಿದೆ? ಪರರ ತಾಯಿಯ ಪಾದವನ್ನು ತೊಳೆಯುತ್ತಿದ್ದ ನನ್ನ ಅತ್ತೆಯವರು ಕೊಟ್ಟೂರಿನ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮೊಡನೆ ಬಂದಿರಿ ಎಂದು ಎಷ್ಟೋ ಬಾರಿ ಕರೆದೆವು. ಗುರುಬಸವೇಶ್ವರನ ತೇರನ್ನು ಬಿಟ್ಟು ಎಲ್ಲಿಗೂ ಬಾರೆನೆಂಬುದೇ ಅವರ ಉತ್ತರ. 2017ರ ಫೆಬ್ರವರಿಯಲ್ಲಿ ಆ ತೇರು ಮಗುಚಿತೆಂಬ ವಾರ್ತೆಯನ್ನು ನಾನು ಅಡಿಗೆಮನೆಯಲ್ಲಿ ನಿಂತು ಕೇಳಿದಾಗ, ಕೈಲಿದ್ದ ಪುಸ್ತಕವನ್ನು ಕೆಳಗಿಟ್ಟು ಅವರ ದನಿ ಕೇಳುವವರೆಗೂ ಉಸಿರಾಡಲಿಲ್ಲ.

ಅತ್ತೆಯವರಿಗೆ ಓದು ಬರಹ ಬಾರದು. ಆದರೆ ಪ್ರತಿ ಭಾನುವಾರ ಅಲ್ಲಿಯ ಮಧ್ಯಾಹ್ನ ಎರಡು ಗಂಟೆಗೆ, ಎಂದರೆ ಇಲ್ಲಿ ದೀಪ ಹಚ್ಚುವ ಹೊತ್ತಿಗೆ, ನಾನು ಫೋನು ಮಾಡಿದೊಡನೆ ಅವರು ಕೇಳುತ್ತಿದ್ದ ಮೊದಲ ಮಾತು, “ಈ ವಾರ ಏನ್ ಓದಿದೆವ್ವಾ?” ಎಂಬುದು. ಇಂಗ್ಲಿಷಿನಲ್ಲಿ ಓದಿದುದನ್ನೆಲ್ಲ ಕೊಟ್ಟೂರಿನ ಮಾತಿನಲ್ಲಿ ಅವರಿಗೆ ಬಿಡಿಸಿ ಹೇಳಬೇಕು. ಹೇಳಲು ಬಂದಿತೆಂದರೆ ನನಗೆ ತಿಳಿದಿದೆಯೆಂದು ಅರ್ಥ. ತಡವರಿಸಿದರೆ ಮತ್ತೆ ಪುಸ್ತಕವನ್ನು ತೆರೆಯುತ್ತಿದ್ದೆನು. ಸಕ್ಕರೆ ರೋಗವುಳ್ಳವರ ಪಾದಗಳಲ್ಲಿ ಸ್ಪರ್ಶವು ಮಂದವಾಗುವುದು, ಮುಳ್ಳು ಚುಚ್ಚಿದರೂ ತಿಳಿಯದು, ಆದುದರಿಂದ ದಿನವೂ ಅಂಗಾಲನ್ನು ನೋಡಿಕೊಳ್ಳಬೇಕು, ಬರಿಗಾಲಿನಲ್ಲಿ ನಡೆಯಬಾರದು ಎಂಬ ಪಾಠವನ್ನು ಅವರಿಗೆ ಎರಡು ವಾರ ಹೇಳಿದ್ದೆನು. ವಿಶ್ವವಿದ್ಯಾಲಯದ ಉಪಾಧ್ಯಾಯರು ಒಬ್ಬರಾದರೆ ನನ್ನ ನಿಜವಾದ ಪರೀಕ್ಷಕರು ಕೊಟ್ಟೂರಿನ ಜಗಲಿಯ ಮೇಲೆ ಕುಳಿತಿದ್ದರು.

2017ರ ಮೇ ತಿಂಗಳಿನಲ್ಲಿ, ನಾನು ಆ ವರ್ಷದ ಕೊನೆಯ ಪ್ರಬಂಧವನ್ನು ಒಪ್ಪಿಸಬೇಕಾಗಿದ್ದ ವಾರದಲ್ಲಿ, ಅತ್ತೆಯವರು ಲಿಂಗೈಕ್ಯರಾದರು. ಲಂಡನ್ನಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಹತ್ತು ಗಂಟೆ. ಅಲ್ಲಿಂದ ಕೊಟ್ಟೂರಿಗೆ ಮತ್ತೆ ಒಂದು ಹಗಲಿನ ದಾರಿ. ನಾವು ತಲುಪುವಷ್ಟರಲ್ಲಿ ಕ್ರಿಯಾಸಮಾಧಿಯು ಮುಗಿದುಹೋಗಿದ್ದಿತು. ಅವರ ಪಾದಗಳನ್ನು ಕೊನೆಯ ಬಾರಿ ತೊಳೆಯುವ ಭಾಗ್ಯವು ನೆರೆಮನೆಯವರದಾಯಿತು, ನನ್ನದಾಗಲಿಲ್ಲ. ಈ ಓದಿಗೆ ನಾನು ತೆತ್ತ ಬೆಲೆಯೇನೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳುವೆನು. ಪದವಿಯ ಪತ್ರದಿಂದ ಅದು ತೀರಿಲ್ಲ, ತೀರುವುದೂ ಇಲ್ಲ.

ಆದರೆ ಆ ದಿನಗಳಲ್ಲಿ ನನಗೆ ಒಂದು ಸಂಗತಿ ತಿಳಿಯಿತು. ಕಂಡು ಮಾತನಾಡಿಸಲು ಬಂದ ಓಣಿಯ ಹೆಂಗಸರು ನನ್ನನ್ನು ಬಹುಕಾಲದ ಪರಿಚಯದವಳಂತೆ ಕಾಣುತ್ತಿದ್ದರು. ಕೇಳಿದಾಗ ಒಬ್ಬಾಕೆ ಹೇಳಿದಳು: ಪ್ರತಿ ಭಾನುವಾರ ನನ್ನ ಫೋನು ಮುಗಿದ ಮೇಲೆ ಅತ್ತೆಯವರು ಜಗಲಿಗೆ ಬಂದು, “ನಮ್ಮ ಸೊಸಿ ಹೇಳ್ಯಾಳೆ ಕೇಳ್ರಿ” ಎಂದು ಆ ವಾರದ ಪಾಠವನ್ನು ಓಣಿಯವರಿಗೆಲ್ಲ ಹೇಳುತ್ತಿದ್ದರಂತೆ. ಆರೇಳು ಮಂದಿ ಹೆಂಗಸರು ಕೆಲಸ ಮುಗಿಸಿ ಅದಕ್ಕಾಗಿಯೇ ಬಂದು ಕೂಡುತ್ತಿದ್ದರಂತೆ. ಅಂಗಾಲಿನ ಮಾತನ್ನು ಕೇಳಿದ ಒಬ್ಬಾಕೆ ಮನೆಗೆ ಹೋಗಿ ತನ್ನ ಕಾಲನ್ನು ತಿರುವಿ ನೋಡಿ, ತನಗೇ ತಿಳಿಯದಿದ್ದ ಹುಣ್ಣನ್ನು ಕಂಡು ಆಸ್ಪತ್ರೆಗೆ ಹೋದಳಂತೆ. ಆಕೆಯ ಕಾಲು ಉಳಿಯಿತು. ಅದೇ ಕಾಲಿನಲ್ಲಿ ನಡೆದು ಬಂದು ನನ್ನ ಮುಂದೆ ಕುಳಿತಿದ್ದಳು.

ನಾನು ಊರಿನಿಂದ ದೂರವಾಗಿ ಓದಿದೆನೆಂದು ತಿಳಿದಿದ್ದೆನು. ಓದು ಆಗಲೇ ನನಗಿಂತ ಮುಂಚೆ ಊರಿಗೆ ಬಂದು ಜಗಲಿಯ ಮೇಲೆ ಕುಳಿತಿದ್ದಿತು. ವಿಭೂತಿಯ ಕೈಯಿಂದ ಹಿಟ್ಟು ನಾದುವ ತಾಯಂದಿರಿಗೆ ತಿಳಿಯಬೇಕೆಂಬ ಹಸಿವೆ ಇಲ್ಲವೆಂದು ಹೇಳುವವರು ಆ ಜಗಲಿಯನ್ನು ನೋಡಬೇಕಾಗಿದ್ದಿತು. ಮೂರನೆಯವರ ಬಾಯಿಂದ, ಸಮುದ್ರದಾಚೆಯಿಂದ ಬಂದ ತುಣುಕನ್ನು ಕೂಡ ಅವರು ಕಾದು ಕುಳಿತು ಉಂಡರು. ಆ ವರ್ಷದ ಪ್ರಬಂಧವನ್ನು ತಡವಾಗಿ ಒಪ್ಪಿಸಲು ನನ್ನ ಉಪಾಧ್ಯಾಯರು ಅನುಮತಿಯನ್ನಿತ್ತರು. ಮುಂದಿನ ವರ್ಷ, ಎಂದರೆ 2018ರಲ್ಲಿ, ನನ್ನ ಪದವಿ ಮುಗಿಯಿತು.

ಈಗ ನನ್ನ ಬಿನ್ನಹ. ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು 1916ರಲ್ಲಿ ಹುಟ್ಟಿ, 1945ರಲ್ಲಿ ಕಾಲೇಜನ್ನು ತೆರೆದು, ಈ ಬರಡು ಸೀಮೆಯಲ್ಲಿ ವಿದ್ಯೆಯ ಕೆರೆಯನ್ನು ಕಟ್ಟಿತು. ನಮ್ಮ ಮಠಗಳು ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದುವು. ಇಂದು ಹೆಣ್ಣುಮಕ್ಕಳೂ ಶಾಲೆಗೆ ಹೋಗುವರು. ಆದರೆ ನಡುವೆ ಓದು ನಿಂತು, ಮದುವೆಯಾಗಿ, ಮಕ್ಕಳನ್ನು ಹೆತ್ತು, ಈಗ ಮೂವತ್ತು ನಲವತ್ತು ವರ್ಷದವರಾದ ಸೊಸೆಯಂದಿರಿಗೆ ಯಾವ ಬಾಗಿಲೂ ಇಲ್ಲವೆಂದು ನಾವು ತಿಳಿದಿರುವೆವು. ಬಾಗಿಲುಗಳು ಇವೆ. ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಹತ್ತನೆಯ ತರಗತಿಯನ್ನು ಮುಗಿಸದವರು ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆಗೆ ಕೂಡಬಹುದು. ಕೊರತೆಯಿರುವುದು ಬಾಗಿಲಿಗಲ್ಲ, ಬಾಗಿಲವರೆಗೆ ನಡೆಯಲು ಬೇಕಾದ ಹೊತ್ತಿಗೆ, ಕುಳಿತುಕೊಳ್ಳಲು ಒಂದು ಜಾಗಕ್ಕೆ, ಆ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಳ್ಳುವ ಒಂದು ಕೈಗೆ.

ಆದುದರಿಂದ ಸನ್ನಿಧಾನದವರಲ್ಲಿ ಬೇಡುವುದಿಷ್ಟೆ. ಹೊಸ ಕಟ್ಟಡ ಬೇಡ, ದೊಡ್ಡ ನಿಧಿ ಬೇಡ. ಪ್ರಸಾದನಿಲಯದ ಹುಡುಗರು ಶಾಲೆಗೆ ಹೋದ ಮೇಲೆ ಅದರ ಓದುವ ಕೋಣೆಯು ಮಧ್ಯಾಹ್ನ ಬರಿದಾಗಿರುವುದು. ದಿನಕ್ಕೆ ಎರಡು ಗಂಟೆ ಆ ಕೋಣೆಯನ್ನು ಗೃಹಿಣಿಯರಿಗೆ ಬಿಟ್ಟುಕೊಡಲಿ. ನಿವೃತ್ತರಾದ ಉಪಾಧ್ಯಾಯರು ಈ ಊರಿನಲ್ಲಿ ಬೇಕಾದಷ್ಟು ಮಂದಿ ಇರುವರು. ವಾರಕ್ಕೊಂದು ದಿನ ಅವರು ವಿದ್ಯಾದಾಸೋಹವನ್ನು ನಡೆಸಲಿ. ಮಕ್ಕಳನ್ನು ಆಡಿಸಲು ನಮ್ಮ ಅಜ್ಜಿಯರು ಸರದಿಯಂತೆ ಬರಲಿ. ಮೊದಲ ವರ್ಷದ ಪುಸ್ತಕಗಳ ವೆಚ್ಚವನ್ನು ನಮ್ಮ ಅತ್ತೆಯವರ ಹೆಸರನ್ನು ಹೇಳದೆ, ಗುರುಬಸವೇಶ್ವರನ ಹೆಸರಿನಲ್ಲಿ ನಾನು ಒಪ್ಪಿಸುವೆನು.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ನಮ್ಮ ಪ್ರಧಾನಮಂತ್ರಿಗಳ ಹಸ್ತದಿಂದ ಬಸವಣ್ಣನವರ ಪುತ್ಥಳಿಯು ಅನಾವರಣವಾಯಿತು. ಅಂದು ಸಂಜೆ ನಾನೂ ಮಕ್ಕಳೊಡನೆ ಹೋಗಬೇಕೆಂದಿದ್ದೆನು, ಜನಸಂದಣಿಯಿಂದ ಆಗಲಿಲ್ಲ. ಮರುವಾರ ಮಕ್ಕಳನ್ನು ಶಾಲೆಗೆ ಬಿಟ್ಟು, ಕೈಚೀಲದಲ್ಲಿ ಪುಸ್ತಕವನ್ನೂ ಬುತ್ತಿಯನ್ನೂ ಇಟ್ಟುಕೊಂಡು ಒಬ್ಬಳೇ ಹೋಗಿ ನಿಂತೆನು. ಆ ಭಾನುವಾರ ಅತ್ತೆಯವರಿಗೆ ಅದನ್ನು ವರ್ಣಿಸಿದೆನು. ಎಲ್ಲವನ್ನೂ ಕೇಳಿದ ಮೇಲೆ ಅವರು, “ಛಲೋ ಆತು. ಅಲ್ಲಿ ನಿಲ್ಲಿಸಿದ್ರು. ಇಲ್ಲಿ ಕುಂದ್ರಿಸೋದು ಯಾವಾಗ?” ಎಂದರು. ಆ ಪ್ರಶ್ನೆಯನ್ನು ಈ ಮಹೋತ್ಸವದಲ್ಲಿ ಹಿರಿಯರ ಮುಂದಿಟ್ಟು ನನ್ನ ಮಾತನ್ನು ಮುಗಿಸುವೆನು.